ಸ್ಥಾನಕದ ದಫ್ತರ

ಕಳೆದ ಮಳೆಗಾಲದಲ್ಲಿ ನಮ್ಮ ಮನೆಯ ಹುಡುಗಿಗೆ ಶಾಲೆಯಲ್ಲಿ ‘ನಮ್ಮ ಊರು’ ಎಂಬ ವಿಷಯವಾಗಿ ಒಂದು ಪ್ರಬಂಧ ಬರೆದು ತರಲು ಹೇಳಿದ್ದರು. ಸಂಜೆ ನಾವು ಬ್ಯಾಂಕಿನಿಂದ ಮರಳಿದಾಗ ಮನೆಯಲ್ಲಿ ಇದೇ ವಾದ ನಡೆದಿತ್ತು. ಊರಿನಿಂದ ಬಂದಿದ್ದ ನಮ್ಮ ತಂದೆಯವರು, “ನಮ್ಮೂರು ಧಾರವಾಡ ಜಿಲ್ಲೆಯದು, ಅದನ್ನೇ ಬರಿ” ಎನ್ನುತ್ತಿದ್ದರು. ಅವಳ ತಾಯಿ, “ಹುಟ್ಟಿದ್ದು ನೌಪಾಡೆಯಲ್ಲಿ, ಬೆಳೆಯುತ್ತಿರುವುದು ನೌಪಾಡೆಯಲ್ಲಿ; ಕಾಣದ ಊರಿನ ವಿಷಯ ಏನೆಂದು ಬರೆದಾಳು?” ಎನ್ನುತ್ತಿದ್ದಳು. ಹುಡುಗಿ ನಮ್ಮ ಮುಖ ನೋಡಿದಳು. “ಅಪ್ಪಾ, ನಾವು ಇಲ್ಲಿಯವರೋ, ಅಲ್ಲಿಯವರೋ?”

ನಾವು ಗುಮಾಸ್ತರು. ಕಾಗದಪತ್ರ ನೋಡದೆ ಉತ್ತರ ಹೇಳುವ ರೂಢಿ ನಮಗಿಲ್ಲ. ಇದೇ ಪ್ರಶ್ನೆಯನ್ನು ಬ್ಯಾಂಕಿನ ಕಟಕಟೆಯ ಆಚೆಯಿಂದಲೂ ನಾವು ಅನೇಕ ಸಲ ಕೇಳಿದ್ದುಂಟು. ಪಾಸಬುಕ್ಕು ಮುಂದೆ ಸರಿಸುತ್ತ, “ನೀವು ಮೂಲತಃ ಎಲ್ಲಿಯವರು? ಇತ್ತ ಬಂದು ಎಷ್ಟು ವರ್ಷವಾಯಿತು?” ಎಂದು ಗಿರಾಕಿಗಳು ವಿಚಾರಿಸುವರು. ಕೇಳುವವರ ಮನಸ್ಸಿನಲ್ಲಿ ಕಹಿಯಿರುವುದಿಲ್ಲ. ಆದರೂ ಪ್ರತಿ ಸಲ ಉತ್ತರ ಹೇಳುವಾಗ ನಮ್ಮ ಮನಸ್ಸು ಒಂದು ಕ್ಷಣ ತಡವರಿಸುತ್ತದೆ. ಆದ್ದರಿಂದ ಈ ಸಲ ಠಾಣೆಯ ಹಳೆಯ ದಫ್ತರವನ್ನೇ ತೆರೆದು ನೋಡೋಣವೆಂದುಕೊಂಡೆವು. ಹಿಂದೆ ದೊಡ್ಡ ಗ್ರಂಥಾಲಯಗಳ ಬೀರುಗಳಲ್ಲಿದ್ದ ಹಳೆಯ ಸಂಪುಟಗಳನ್ನು ಈಗ ಅಂತರ್ಜಾಲದ ಮೂಲಕ ನಮ್ಮಂಥವರೂ ಮಧ್ಯಾಹ್ನದ ಊಟದ ಬಿಡುವಿನಲ್ಲಿ ಓದಬಹುದಾಗಿದೆ. ಹೀಗೆ ಓದಿದ್ದರಲ್ಲಿ, ರಜೆಯ ದಿನಗಳಲ್ಲಿ ಕಣ್ಣಾರೆ ಕಂಡದ್ದರಲ್ಲಿ ಸ್ವಾರಸ್ಯವೆನಿಸಿದ ಕೆಲವು ಸಂಗತಿಗಳನ್ನು ಈ ರಾಜ್ಯೋತ್ಸವದ ಸಂದರ್ಭದಲ್ಲಿ ವಾಚಕರ ಮುಂದೆ ಇಡುತ್ತೇವೆ. ನಾವು ಇತಿಹಾಸದ ಪಂಡಿತರಲ್ಲ. ಕೀರ್ದಿ ಖಾತೆಗಳನ್ನು ತಾಳೆ ನೋಡಿ ಬಲ್ಲವರು. ಅಷ್ಟನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಂಡರೆ ಸಾಕು.

ಠಾಣೆಯ ಕಾರಾಗೃಹದ ಎತ್ತರದ ಗೋಡೆಯನ್ನು ನೋಡದ ಠಾಣೆಕರರಿಲ್ಲ. ಅದು ಮೊದಲು ಕೋಟೆಯಾಗಿತ್ತು. ಪೋರ್ತುಗೀಜರು 1730ರ ಸುಮಾರಿಗೆ ಅದನ್ನು ಕಟ್ಟಲಾರಂಭಿಸಿದರು. 1737ರಲ್ಲಿ ಮರಾಠರು ಸಾಷ್ಟಿ ದ್ವೀಪವನ್ನು ಗೆದ್ದಾಗ ಕೋಟೆ ಅವರ ಕೈಸೇರಿತು. 1774ರ ಡಿಸೆಂಬರಿನಲ್ಲಿ ಇಂಗ್ಲಿಷರು ಅದನ್ನು ಹಿಡಿದರು. ಅವರ ಕಾಲದಲ್ಲಿ, 1787ರಲ್ಲಿ, ಕೋಟೆಯೊಳಗೆ ಹೊಸ ಕಟ್ಟಡಕ್ಕಾಗಿ ನೆಲವನ್ನು ಅಗೆಯುತ್ತಿದ್ದಾಗ ಬರಹವಿದ್ದ ತಾಮ್ರದ ತಗಡುಗಳು ದೊರೆತವು. ಕಲಕತ್ತೆಯಲ್ಲಿ ವಿಲಿಯಮ್ ಜೋನ್ಸ್ ಏಷಿಯಾಟಿಕ್ ಸೊಸೈಟಿಯನ್ನು ಸ್ಥಾಪಿಸಿ ಆಗಿನ್ನೂ ಮೂರೇ ವರ್ಷಗಳಾಗಿದ್ದವು. ಮುಂಬಯಿಯ ಜನರಲ್ ಕಾರ್ನಾಕ್ ಈ ತಗಡುಗಳ ವಿಷಯವನ್ನು ಆ ಸಂಸ್ಥೆಗೆ ತಿಳಿಸಿದನು. ರಾಮಲೋಚನರೆಂಬ ಪಂಡಿತರು ಶಾಸನವನ್ನು ಓದಿ ಅರ್ಥ ಹೇಳಿದರು. 1788ರಲ್ಲಿ ಹೊರಟ ‘ಏಷಿಯಾಟಿಕ್ ರಿಸರ್ಚಸ್’ ಎಂಬ ಮಾಲೆಯ ಮೊದಲನೆಯ ಸಂಪುಟದಲ್ಲಿಯೇ ಅದು ಅಚ್ಚಾಯಿತು. ಭಾರತದ ಪ್ರಾಚೀನ ಶಾಸನಗಳ ಅಭ್ಯಾಸ ಕಣ್ಣುಬಿಡುತ್ತಿದ್ದ ಆ ಕಾಲದಲ್ಲಿ ಬೆಳಕಿಗೆ ಬಂದ ಮೊದಲ ಕೆಲವು ದಾಖಲೆಗಳಲ್ಲಿ ನಮ್ಮ ಠಾಣೆಯದೂ ಒಂದೆಂಬುದು ಅಭಿಮಾನದ ಸಂಗತಿ.

ಆ ತಗಡುಗಳಲ್ಲಿ ಇರುವುದೇನು? ಒಂದು ದಾನಪತ್ರ. ಶಕವರ್ಷ 939, ಪಿಂಗಳ ಸಂವತ್ಸರ, ಕಾರ್ತಿಕ ಶುದ್ಧ ಹುಣ್ಣಿಮೆ, ಅಂದರೆ ಕ್ರಿ. ಶ. 1017. ಕೊಟ್ಟವನು ಶಿಲಾಹಾರ ವಂಶದ ಅರಿಕೇಸರಿ. ಪಡೆದವನು ತಿಕ್ಕಪೈಯನೆಂಬ ಬ್ರಾಹ್ಮಣ, ಒಬ್ಬ ಜ್ಯೋತಿಷಿಯ ಮಗ. ಬರೆದವನು ಮಹಾಕವಿಯೆಂದು ಹೆಸರಾಗಿದ್ದ ನಾಗಲೈಯನ ಸೋದರನ ಮಗ. ತಗಡಿನ ಮೇಲೆ ಅಕ್ಷರ ಕೊರೆದವನು ವೇದಪೈಯನ ಮಗ. ಹೆಸರುಗಳನ್ನು ಓದುತ್ತ ಹೋದಂತೆ ಕನ್ನಡದ ಕಿವಿ ನಿಮಿರದೆ ಇರಲಾರದು. ತಿಕ್ಕಪೈಯ, ನಾಗಲೈಯ, ವೇದಪೈಯ! ನಮ್ಮ ಕಡೆಯ ಅಯ್ಯಂದಿರೆಲ್ಲ ಒಟ್ಟಿಗೆ ಬಂದು ಕುಳಿತಂತೆ ತೋರುತ್ತದೆ.

ಈ ಪತ್ರದ ಕೊನೆಯಲ್ಲಿ ಬರೆದವನು ಹಾಕಿದ ಒಂದು ಷರಾ ನಮ್ಮ ಮನಸ್ಸನ್ನು ಬಹಳವಾಗಿ ಸೆಳೆಯಿತು. ಇದರಲ್ಲಿ ಒಂದು ಅಕ್ಷರ ಕಡಿಮೆಯಾಗಿದ್ದರೂ, ಒಂದು ಅಕ್ಷರ ಹೆಚ್ಚಾಗಿದ್ದರೂ ಎಲ್ಲವೂ ಪ್ರಮಾಣವೇ ಎಂಬುದು ಅದರ ತಾತ್ಪರ್ಯ. ಇದರ ಬೆಲೆ ನಮ್ಮಂಥ ಗುಮಾಸ್ತರಿಗೆ ಚೆನ್ನಾಗಿ ಗೊತ್ತು. ಹೆಸರಿನಲ್ಲಿ ಒಂದು ಒತ್ತಕ್ಷರ ತಪ್ಪಿತೆಂದು ಚೆಕ್ಕು ಮರಳುವುದನ್ನು, ವಿಧವೆಯೊಬ್ಬಳು ಗಂಡನ ಠೇವಣಿಗಾಗಿ ಮೂರು ಸಲ ಅಲೆಯುವುದನ್ನು ನಾವು ಕಂಡಿದ್ದೇವೆ. ಸಾವಿರ ವರ್ಷಗಳ ಹಿಂದಿನ ಆ ಬರಹಗಾರನು ಇದನ್ನು ಮುಂಗಂಡಿದ್ದನು. ಮುಂದೆ ಯಾರೋ ತಂಟೆಕೋರನು ‘ಇಲ್ಲಿ ಕೊಂಬು ತಪ್ಪಿದೆ, ದಾನ ಊರ್ಜಿತವಲ್ಲ’ ಎಂದು ವಾದಿಸಿದರೆ ಬಡ ಬ್ರಾಹ್ಮಣನ ಗತಿಯೇನು? ಆದ್ದರಿಂದ ತನ್ನ ತಪ್ಪಿನ ಸಾಧ್ಯತೆಯನ್ನು ತಾನೇ ಒಪ್ಪಿ, ಅದರಿಂದ ಇತರರಿಗೆ ಕೇಡಾಗದಂತೆ ಕಟ್ಟು ಮಾಡಿದನು.

ಇನ್ನು ಈ ಶಿಲಾಹಾರರು ಯಾರೆಂಬ ವಿಚಾರ. ಕ್ರಿ. ಶ. 800ರ ಸುಮಾರಿನಿಂದ 1265ರ ವರೆಗೆ, ಹೆಚ್ಚುಕಡಮೆ ನಾಲ್ಕೂವರೆ ನೂರು ವರ್ಷ, ಉತ್ತರ ಕೊಂಕಣವು ಇವರ ಆಳ್ವಿಕೆಯಲ್ಲಿತ್ತು. ಅವರ ಶಾಸನಗಳಲ್ಲಿ ಬರುವ ‘ಸ್ಥಾನಕ’ವೇ ಇಂದಿನ ಠಾಣೆ. ದಕ್ಷಿಣ ಕೊಂಕಣದಲ್ಲಿ ಒಂದು, ಕೊಲ್ಲಾಪುರದ ಕಡೆ ಇನ್ನೊಂದು, ಹೀಗೆ ಈ ವಂಶಕ್ಕೆ ಬೇರೆ ಎರಡು ಶಾಖೆಗಳಿದ್ದವು. ಕೊಲ್ಲಾಪುರದ ಶಾಖೆಯವರ ಕಾಲದ ಕನ್ನಡ ಶಾಸನಗಳೇ ದೊರೆತಿವೆ. ಈ ವಂಶದವರು ತಮ್ಮ ಮೂಲಸ್ಥಳ ತಗರಪುರವೆಂದು ಹೇಳಿಕೊಳ್ಳುತ್ತಿದ್ದರು. ಅದು ಮರಾಠವಾಡಾದ ಧಾರಾಶಿವ ಜಿಲ್ಲೆಯ ತೇರ್ ಎಂಬ ಊರು. ಇವರ ಒಡೆಯರಾದ ರಾಷ್ಟ್ರಕೂಟರಾದರೋ ತಮ್ಮನ್ನು ಲಟ್ಟಲೂರಿನ ಅಧೀಶ್ವರರೆಂದು ಕರೆದುಕೊಳ್ಳುತ್ತಿದ್ದರು. ಅದು ತೇರಿಗೆ ನೆರೆಯ ಲಾತೂರೆಂದು ವಿದ್ವಾಂಸರು ಗುರುತಿಸಿದ್ದಾರೆ. ಅಂತೂ ಒಡೆಯರೂ ಸಾಮಂತರೂ ಹಳೆಯ ನೆರೆಹೊರೆಯವರೆಂದಾಯಿತು.

ಠಾಣೆಯ ಶಿಲಾಹಾರರ ಶಾಸನಗಳು ಸಂಸ್ಕೃತದಲ್ಲಿವೆ. ಆದರೆ ಅರಸರ ಬಿರುದುಗಳ ಸಾಲಿಗೆ ಬಂದಾಗ ಸಂಸ್ಕೃತದ ನಡುವೆ ಕನ್ನಡ ತಟ್ಟನೆ ತಲೆಯೆತ್ತುತ್ತದೆ. ‘ಮಲಗಲಗಂಡ’ ಎಂಬುದೊಂದು ಬಿರುದು. ಬರೆದವನ ಕೈಯಲ್ಲಿ ಸ್ವಲ್ಪ ಮಾರ್ಪಟ್ಟ ಇದು ನಮ್ಮ ‘ಮಲೆಗಳ ಗಂಡ’, ಅಂದರೆ ಬೆಟ್ಟನಾಡಿನ ವೀರ. ‘ಗಂಡರಗಂಡ’ನೆಂಬುದನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಎಲ್ಲಕ್ಕಿಂತ ನಮಗೆ ಮೆಚ್ಚಾದದ್ದು ‘ನನ್ನಿಸಮುದ್ರ’. ನನ್ನಿಯೆಂದರೆ ಸತ್ಯ, ಸತ್ಯದ ಸಮುದ್ರ. ಪಡುವಣ ಕಡಲ ದಂಡೆಯನ್ನು ಆಳಿದವರಿಗೆ ಇದಕ್ಕಿಂತ ಒಪ್ಪುವ ಬಿರುದು ಬೇರೆ ಯಾವುದಿದ್ದೀತು? ಈ ಬಿರುದುಗಳಿಂದಲೂ ಇತರ ಆಧಾರಗಳಿಂದಲೂ ಶಿಲಾಹಾರರ ಮನೆಮಾತು ಕನ್ನಡವಾಗಿದ್ದಿರಬೇಕೆಂದು ಇತಿಹಾಸಜ್ಞರು ಊಹಿಸಿದ್ದಾರೆ.

ಇಷ್ಟಾಗುವಾಗ ನಮ್ಮ ಎದೆ ಉಬ್ಬಿತೆಂಬುದನ್ನು ವಾಚಕರಲ್ಲಿ ಮುಚ್ಚಿಡುವುದಿಲ್ಲ. ಮುಂದಿನ ರಜೆಯಲ್ಲಿ ಮನೆಯವರನ್ನೆಲ್ಲ ಕರೆದುಕೊಂಡು ಕಾನ್ಹೇರಿಯ ಗುಹೆಗಳಿಗೆ ಹೋದೆವು. ನಮ್ಮ ಯೇವೂರು ಗುಡ್ಡದ ಕಾಡು ಯಾವ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದೆಯೋ ಅದೇ ಉದ್ಯಾನದೊಳಗೆ, ಬೋರಿವಲಿಯ ಕಡೆಯಿಂದ ಹೋಗುವ ದಾರಿಯಲ್ಲಿ, ನೂರಕ್ಕೂ ಹೆಚ್ಚು ಗುಹೆಗಳಿವೆ. ಕೃಷ್ಣಗಿರಿಯೆಂಬುದು ಅದರ ಹಳೆಯ ಹೆಸರು. ಅಲ್ಲಿ ಒಂಬತ್ತನೆಯ ಶತಮಾನದ ಮೂರು ಶಾಸನಗಳುಂಟು. ಅವುಗಳಲ್ಲಿ ಶಿಲಾಹಾರ ಪುಲ್ಲಶಕ್ತಿಯ ಹೆಸರೂ, ಎರಡನೆಯ ಕಪರ್ದಿಯ ಹೆಸರೂ ಬರುತ್ತವೆ. ಅವರ ಮೇಲಣ ಸಾರ್ವಭೌಮನೆಂದು ರಾಷ್ಟ್ರಕೂಟ ಅಮೋಘವರ್ಷನ ಹೆಸರು ಬರುತ್ತದೆ. ಅಮೋಘವರ್ಷ! ಕವಿರಾಜಮಾರ್ಗವು ಹುಟ್ಟಿದ್ದು ಈ ನೃಪತುಂಗನ ಆಸ್ಥಾನದಲ್ಲಿ. ಕನ್ನಡ ನಾಡು ಕಾವೇರಿಯಿಂದ ಗೋದಾವರಿಯ ತನಕ ಹಬ್ಬಿತ್ತೆಂದು ಹೇಳುವ ಗ್ರಂಥ ಅದು. ಮಾನ್ಯಖೇಟದಲ್ಲಿ ಆ ಗ್ರಂಥ ಬೆಳೆಯುತ್ತಿದ್ದ ಕಾಲದಲ್ಲಿಯೇ ಇಲ್ಲಿ ಕಲ್ಲಿನ ಮೇಲೆ ಅದೇ ಅರಸನ ಹೆಸರನ್ನು ಕೊರೆಯುತ್ತಿದ್ದರು.

ಬ್ಯಾಂಕಿನವರಾದ ನಮಗೆ ಆ ಶಾಸನಗಳಲ್ಲಿ ಇನ್ನೂ ಒಂದು ಆಕರ್ಷಣೆಯಿತ್ತು. ಅವು ಠೇವಣಿಯ ಪತ್ರಗಳು! ಒಂದರಲ್ಲಿ ಶಿಲಾಹಾರರ ಅಧಿಕಾರಿಯೊಬ್ಬನು ಭಿಕ್ಷುಗಳಿಗೆಂದು ದ್ರಮ್ಮಗಳೆಂಬ ನಾಣ್ಯಗಳನ್ನಿಟ್ಟು, ಪೂಜೆಗೆ ಇಷ್ಟು, ವಿಹಾರದ ದುರಸ್ತಿಗೆ ಇಷ್ಟು, ಬಟ್ಟೆಗೆ ಇಷ್ಟು, ಪುಸ್ತಕಗಳಿಗೆ ಇಷ್ಟು ಎಂದು ಖರ್ಚಿನ ಬಾಬುಗಳನ್ನು ವಿಂಗಡಿಸಿದ್ದಾನೆ. ಇನ್ನೊಂದರಲ್ಲಿ ದೂರದ ಗೌಡದೇಶದಿಂದ, ಅಂದರೆ ಇಂದಿನ ಬಂಗಾಲದ ಕಡೆಯಿಂದ, ಬಂದ ಅವಿಘ್ನಾಕರನೆಂಬವನು ಧ್ಯಾನಗೃಹಕ್ಕೂ ಭಿಕ್ಷುಗಳ ವಸ್ತ್ರಕ್ಕೂ 100 ದ್ರಮ್ಮಗಳನ್ನು ಕೊಟ್ಟಿದ್ದಾನೆ. ಇಂಥ ಶಾಶ್ವತ ಠೇವಣಿಗೆ ಹಳೆಯವರು ‘ಅಕ್ಷಯನೀವಿ’ ಎನ್ನುತ್ತಿದ್ದರು. ಅಸಲನ್ನು ಮುಟ್ಟದೆ ಬಡ್ಡಿಯಿಂದಲೇ ಧರ್ಮಕಾರ್ಯ ನಡೆಯಬೇಕು. ನಾಸಿಕದ ಗುಹೆಯಲ್ಲಿ ಕ್ಷತ್ರಪ ನಹಪಾನನ ಅಳಿಯ ಉಷವದಾತನು ನೇಕಾರರ ಎರಡು ಶ್ರೇಣಿಗಳಲ್ಲಿ ಒಟ್ಟು 3000 ಕಾರ್ಷಾಪಣಗಳನ್ನಿಟ್ಟು, ಒಂದರಲ್ಲಿ ತಿಂಗಳಿಗೆ ನೂರಕ್ಕೆ ಒಂದು, ಇನ್ನೊಂದರಲ್ಲಿ ಮುಕ್ಕಾಲು ಎಂದು ಬಡ್ಡಿಯ ದರವನ್ನು ಕೂಡ ಗೋಡೆಯ ಮೇಲೆ ಬರೆಸಿಟ್ಟಿದ್ದಾನೆ. ದರ ಬದಲಾದ ಕೂಡಲೆ ಹಲಗೆ ಬದಲಿಸುವ ನಮಗೆ, ಕಲ್ಲಿನಲ್ಲಿ ಬಡ್ಡಿಯ ದರ ಕೊರೆಯಿಸಿದ ಆ ನಂಬಿಕೆ ಬೆರಗು ಹುಟ್ಟಿಸುತ್ತದೆ.

ಭಿವಂಡಿಯ ಕಡೆಯ ಭಾದಾಣೆ ಗ್ರಾಮವನ್ನು ದಾನ ಕೊಟ್ಟ ತಾಮ್ರಪಟದ ಕಥೆ ಇದಕ್ಕಿಂತಲೂ ಹೃದಯಸ್ಪರ್ಶಿಯಾದುದು. ಅದು ಶಕ 919ರದು, ಎಂದರೆ ಕ್ರಿ. ಶ. 997. ಅರಿಕೇಸರಿಯ ತಂದೆ ಅಪರಾಜಿತನು ಲೋಣಾದಿತ್ಯನೆಂಬ ಸೂರ್ಯದೇವರ ಗುಡಿಗೆ ಆ ಗ್ರಾಮವನ್ನು ಬಿಟ್ಟನು. ಈ ಪಟ ಹೊರಟ ಕಾಲಕ್ಕೆ ರಾಷ್ಟ್ರಕೂಟರು ಬಿದ್ದುಹೋಗಿ 24 ವರ್ಷಗಳಾಗಿದ್ದವು. 973ರಲ್ಲಿ ಚಾಲುಕ್ಯ ತೈಲಪನು ಕೊನೆಯ ರಾಷ್ಟ್ರಕೂಟ ಕಕ್ಕಲನನ್ನು ಸೋಲಿಸಿದ್ದನು. ಅಪರಾಜಿತನಿಗೆ ಇನ್ನು ಅವರ ಹಂಗಿಲ್ಲ, ತಾನೇ ಸ್ವತಂತ್ರ. ಆದರೂ ಅವನು ತನ್ನ ಶಾಸನದಲ್ಲಿ ಹಳೆಯ ಒಡೆಯರ ವಂಶಾವಳಿಯನ್ನೆಲ್ಲ ಬರೆಯಿಸಿ, ಆ ರಟ್ಟರ ರಾಜ್ಯವು ಈಗ ನೆನಪಾಗಿ ಮಾತ್ರ ಉಳಿದಿದೆಯೆಂದು ಮರುಗಿದ್ದಾನೆ. ಗೆದ್ದವನ ಹೆಸರು ಹೇಳಿ ಲಾಭ ಮಾಡಿಕೊಳ್ಳುವವರು ಎಲ್ಲ ಕಾಲದಲ್ಲಿಯೂ ಇದ್ದಾರೆ. ಸೋತ ಒಡೆಯನನ್ನು, ಅವನಿಂದ ಇನ್ನು ಏನೂ ದೊರೆಯಲಾರದೆಂದು ತಿಳಿದ ಮೇಲೆಯೂ, ನೆನೆಯುವ ಋಣಬುದ್ಧಿ ಅಪರೂಪದ್ದು. ಇಲ್ಲಿ ಗೆದ್ದ ತೈಲಪನೂ ಕನ್ನಡದ ಅರಸನೇ ಎಂಬುದನ್ನು ಮರೆಯಲಾಗದು. ರನ್ನನಂಥ ಕವಿಗೆ ಆಶ್ರಯ ಕೊಟ್ಟವನು ಅವನು. ಕನ್ನಡದ ಒಂದು ಮನೆ ಕನ್ನಡದ ಇನ್ನೊಂದು ಮನೆಯನ್ನು ಕೆಡವಿದಾಗ, ಕಣ್ಣೀರು ಬಿದ್ದದ್ದು ದೂರದ ಠಾಣೆಯಲ್ಲಿ!

ಭಾಂಡೂಪಿನಲ್ಲಿ ದೊರೆತ ತಾಮ್ರಪಟವು 1026ನೆಯ ಇಸವಿಯದು. ಅರಿಕೇಸರಿಯ ತರುವಾಯ ಆಳಿದ, ಅವನ ಅಣ್ಣನ ಮಗನಾದ ಛಿತ್ತರಾಜನು ಆಮದೇವೈಯನೆಂಬವನಿಗೆ ನೌರ ಗ್ರಾಮದ ಒಂದು ಹೊಲವನ್ನು ಚಕ್ಕುಬಂದಿ ಸಹಿತ ಕೊಟ್ಟದ್ದು ಅದರ ವಿಷಯ. ಇದರಲ್ಲಿ ಅರಸನ ಮಂತ್ರಿಗಳ ಪಟ್ಟಿಯುಂಟು. ನಾಗಣೈಯನು ಸರ್ವಾಧಿಕಾರಿ. ಸೀಹಪೈಯನು ಸಾಂಧಿವಿಗ್ರಹಿಕ, ಅಂದರೆ ಯುದ್ಧ ಮತ್ತು ಒಪ್ಪಂದಗಳನ್ನು ನೋಡಿಕೊಳ್ಳುವ ಮಂತ್ರಿ. ಅವನ ಜೊತೆಗೆ ಕಪರ್ದಿಯೆಂಬ ಇನ್ನೊಬ್ಬನಿದ್ದಾನೆ. ಅವನ ಹುದ್ದೆ ‘ಕರ್ಣಾಟ ಸಾಂಧಿವಿಗ್ರಹಿಕ’. ಕರ್ಣಾಟದೊಡನೆ ನಡೆಯುವ ವ್ಯವಹಾರಕ್ಕಾಗಿಯೇ ಠಾಣೆಯಲ್ಲಿ ಒಬ್ಬ ಮಂತ್ರಿ! ಇದನ್ನು ಓದಿದ ದಿನ ನಾವು ನಮ್ಮ ಸಂಘದ ಗೆಳೆಯರಿಗೆ, “ಠಾಣೆಯ ಮೊಟ್ಟಮೊದಲನೆಯ ಕನ್ನಡ ಕಾರ್ಯದರ್ಶಿ ಸಿಕ್ಕನು, ಸಾವಿರ ವರ್ಷದ ವರ್ಗಣಿ ಅವನಿಂದ ಬಾಕಿಯಿದೆ” ಎಂದು ವಿನೋದ ಮಾಡಿದೆವು. ಗೆಳೆಯರೊಬ್ಬರು ಉತ್ಸಾಹದಿಂದ, “ನೌರವೆಂದರೆ ನಮ್ಮ ನೌಪಾಡೆಯೇ ಏಕಾಗಬಾರದು?” ಎಂದರು.

ಅವರ ಮಾತಿನಿಂದ ನಮಗೆ ಎಚ್ಚರವಾಯಿತು. ಮೊದಲಿನ ಅಕ್ಷರವೊಂದು ಕೂಡಿತೆಂದು ಎರಡು ಊರುಗಳನ್ನು ಒಂದು ಮಾಡುವುದು, ಹೆಸರಿನ ಮೊದಲಕ್ಷರ ಕೂಡಿತೆಂದು ಒಬ್ಬನ ಹಣವನ್ನು ಇನ್ನೊಬ್ಬನ ಖಾತೆಗೆ ಜಮಾ ಮಾಡಿದಂತೆ. ಅಷ್ಟೇ ಅಲ್ಲ, ಕರ್ಣಾಟಕ್ಕಾಗಿ ಬೇರೆ ಮಂತ್ರಿಯನ್ನಿಟ್ಟಿದ್ದರೆಂದರೆ ಕರ್ಣಾಟವು ಆ ಕಾಲದ ಠಾಣೆಗೆ ಬೇರೆಯೇ ಒಂದು ರಾಜ್ಯವಾಗಿತ್ತೆಂದು ಅರ್ಥವಲ್ಲವೆ? ನಾವು ಇಷ್ಟು ಹೊತ್ತು ಜಮೆಯ ಬದಿಯನ್ನಷ್ಟೇ ಕೂಡುತ್ತ ಬಂದಿದ್ದೆವು. ಲೆಕ್ಕವೆಂದ ಮೇಲೆ ಎಡಬಲ ಎರಡೂ ಬದಿಗಳನ್ನು ನೋಡಬೇಕು. ಆದುದರಿಂದ ಇನ್ನೊಂದು ಬದಿಯನ್ನೂ ತೆರೆದೆವು.

ಬಗದಾದಿನ ಪ್ರಸಿದ್ಧ ಪ್ರವಾಸಿ ಅಲ್ ಮಸೂದಿಯು ಕ್ರಿ. ಶ. 916ರ ಸುಮಾರಿಗೆ ನಮ್ಮ ಕರಾವಳಿಯ ಸೈಮೂರಿಗೆ, ಅಂದರೆ ಇಂದಿನ ಚೌಲಿಗೆ, ಬಂದಿದ್ದನು. ಆಗ ಅಲ್ಲಿ ಆಳುತ್ತಿದ್ದವನು ಝಂಝನೆಂದು ಅವನು ಬರೆದಿದ್ದಾನೆ, ಇವನೂ ಶಿಲಾಹಾರರವನೇ. ರಾಷ್ಟ್ರಕೂಟ ಸಾರ್ವಭೌಮನಿಗೆ ಅರಬರು ‘ಬಲ್ಹರಾ’ ಎನ್ನುತ್ತಿದ್ದರು, ವಲ್ಲಭರಾಜನೆಂಬುದರ ಅಪಭ್ರಂಶವದು. ಬಲ್ಹರಾನ ರಾಜಧಾನಿಯಾದ ಮಾಂಕೀರಿನಲ್ಲಿ, ಅಂದರೆ ಮಾನ್ಯಖೇಟದಲ್ಲಿ, ಜನರು ಆಡುವ ನುಡಿ ‘ಕೀರಿಯಾ’ ಎಂದೂ, ಕರಾವಳಿಯ ಸೈಮೂರು, ಸೋಪಾರ, ಠಾಣೆಗಳಲ್ಲಿ ಆಡುವ ನುಡಿ ‘ಲಾರಿಯಾ’ ಎಂದೂ ಮಸೂದಿ ಸ್ಪಷ್ಟವಾಗಿ ಹೇಳಿದ್ದಾನೆ. ಕೀರಿಯಾ ಎಂಬುದು ಕನ್ನಡವೆಂದು ಹಲವು ವಿದ್ವಾಂಸರು ತಿಳಿಯುತ್ತಾರೆ. ಹಾಗಿದ್ದರೆ ಠಾಣೆಯ ಪೇಟೆಯಲ್ಲಿ ಜನ ಆಡುತ್ತಿದ್ದುದು ಕನ್ನಡವಲ್ಲ. ಅರಸನ ಬಿರುದು ಕನ್ನಡ, ಶಾಸನದ ಭಾಷೆ ಸಂಸ್ಕೃತ, ಬೀದಿಯ ಮಾತು ಇನ್ನೊಂದು. ಇಂದಿನ ನಮ್ಮ ಮನೆಗಳಲ್ಲಿಯೂ ಅಡುಗೆಮನೆಯ ಮಾತೊಂದು, ಕಚೇರಿಯ ಮಾತೊಂದು, ಮಾರುಕಟ್ಟೆಯ ಮಾತೊಂದು ಇಲ್ಲವೆ? ಊರು ಸಾವಿರ ವರ್ಷಗಳಿಂದ ಹೀಗೆಯೇ ಬದುಕಿಕೊಂಡು ಬಂದಿದೆ.

ಮರಾಠಿಯ ವಿಷಯವನ್ನೂ ಹೇಳಬೇಕು. ಅಲಿಬಾಗದ ಬಳಿಯ ಅಕ್ಷಿಯಲ್ಲಿರುವ ಶಿಲಾಶಾಸನವು ಮರಾಠಿಯ ಅತಿ ಹಳೆಯ ಶಾಸನಗಳಲ್ಲೊಂದು. ಅದರಲ್ಲಿ ಬರುವ ಅರಸ ಕೇಶಿದೇವನೂ ಶಿಲಾಹಾರರವನೇ. ಹೀಗೆ ಕನ್ನಡದ ಬಿರುದು ಹೊತ್ತ ಮನೆತನದ ನೆರಳಿನಲ್ಲಿ ಮರಾಠಿ ನುಡಿ ಕಲ್ಲನ್ನೇರಿತು. ಇತ್ತ ಶ್ರವಣಬೆಳಗೊಳಕ್ಕೆ ಹೋಗಿ ನೋಡಿ. ಗಂಗರ ಮಂತ್ರಿ ಚಾವುಂಡರಾಯನು ಮಾಡಿಸಿದ ಗೊಮ್ಮಟನ ಪಾದದ ಬಳಿ, ಈ ಮೂರ್ತಿಯನ್ನು ಮಾಡಿಸಿದವನು ಅವನೆಂಬ ಮಾತನ್ನು ಕನ್ನಡದಲ್ಲಿ, ತಮಿಳಿನಲ್ಲಿ, ಮರಾಠಿಯಲ್ಲಿ ಕೊರೆದಿದ್ದಾರೆ. ಆ ಮರಾಠಿಯ ಸಾಲೇ ಆ ಭಾಷೆಯ ಅತಿ ಪ್ರಾಚೀನ ಶಾಸನವೆಂದು ಬಹುಕಾಲ ಎಣಿಸಲಾಗಿತ್ತು. ಮರಾಠಿಯ ಅಮೂಲ್ಯ ಆಸ್ತಿಯೊಂದು ಕನ್ನಡ ನಾಡಿನ ಬೆಟ್ಟದ ಮೇಲೆ ಠೇವಣಿಯಾಗಿದೆ; ಕನ್ನಡದ ಕೆಲವು ಬೆಲೆಯುಳ್ಳ ಮಾತುಗಳು ಮರಾಠಿ ನಾಡಿನ ತಾಮ್ರದಲ್ಲಿ ಠೇವಣಿಯಾಗಿವೆ. ಇಬ್ಬರಲ್ಲಿ ಯಾರೊಬ್ಬರ ಖಾತೆಯನ್ನು ಹರಿದು ಹಾಕಿದರೂ ಇನ್ನೊಬ್ಬರ ಲೆಕ್ಕ ಕೂಡುವುದಿಲ್ಲ.

ಈ ಕೊಡುಕೊಳುವಿಕೆ ಅರಸರಿಂದ ಶುರುವಾದುದೂ ಅಲ್ಲ. ಪುಣೆಯ ದಾರಿಯಲ್ಲಿ, ಲೋಣಾವಳೆ ದಾಟಿದ ಮೇಲೆ ಕಾರ್ಲೆಯ ಗುಹೆಯಿದೆ. ಅದರ ಬಾಗಿಲಲ್ಲಿರುವ ಸುಮಾರು ಎರಡು ಸಾವಿರ ವರ್ಷ ಹಳೆಯ ಶಾಸನವೊಂದರಲ್ಲಿ, ಜಂಬೂದ್ವೀಪದಲ್ಲಿಯೇ ಮಿಗಿಲಾದ ಈ ಶಿಲಾಗೃಹವನ್ನು ಮುಗಿಸಿಕೊಟ್ಟವನು ವೈಜಯಂತಿಯ ಶ್ರೇಷ್ಠಿ ಭೂತಪಾಲನೆಂದು ಹೇಳಿದೆ. ವೈಜಯಂತಿಯು ನಮ್ಮ ಉತ್ತರ ಕನ್ನಡದ ಬನವಾಸಿಯೆಂದೇ ವಿದ್ವಾಂಸರು ಸಾಮಾನ್ಯವಾಗಿ ಗುರುತಿಸುತ್ತಾರೆ. ಬನವಾಸಿಯ ಸಾಹುಕಾರನು ಘಟ್ಟದ ಮೇಲೆ ಹಣ ಹಾಕಿದನು. ಇಂದಿಗೂ ಆ ಗುಹೆಯ ಬಾಗಿಲಿನ ಕಮಾನಿನ ಕೆಳಗೆ ನಿಂತವರು ತಲೆಯೆತ್ತಿ ನೋಡದೆ ಒಳಗೆ ಹೋಗಲಾರರು.

ಕಲ್ಯಾಣದ ಮಾತಂತೂ ಇನ್ನೂ ಸ್ವಾರಸ್ಯ. ಕಲ್ಯಾಣವೆಂದರೆ ಕನ್ನಡಿಗನ ಮನಸ್ಸು ಬೀದರ ಜಿಲ್ಲೆಯ ಬಸವಕಲ್ಯಾಣಕ್ಕೆ ಓಡುತ್ತದೆ; ಠಾಣೆಕರನ ಮನಸ್ಸು ಮುಂದಿನ ಲೋಕಲ್ ಗಾಡಿಗೆ ಓಡುತ್ತದೆ! ಉಲ್ಹಾಸ ನದಿಯ ಖಾರಿಯ ಮೇಲಿರುವ ನಮ್ಮ ಈ ಕಲ್ಯಾಣವೂ ಪುರಾತನ ಬಂದರು; ಕಾನ್ಹೇರಿಯ ದಾನಿಗಳಲ್ಲಿ ಈ ಊರಿನ ವ್ಯಾಪಾರಿಗಳು ಹಲವರು. ಚಾಲುಕ್ಯರ ಆ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ಬರೆದನು. ಹಿಂದೂ ಕುಟುಂಬದ ಆಸ್ತಿಯ ಪಾಲಿನ ವಿಚಾರದಲ್ಲಿ ನಾಡಿನ ಬಹುಭಾಗಕ್ಕೆ ಶತಮಾನಗಳ ಕಾಲ ಅದೇ ಆಧಾರವಾಗಿತ್ತು. ಅನಂತರ ಹನ್ನೆರಡನೆಯ ಶತಮಾನದಲ್ಲಿ ಉತ್ತರ ಕೊಂಕಣದ ಶಿಲಾಹಾರ ಅರಸನಾದ ಅಪರಾದಿತ್ಯನು ಅದೇ ಯಾಜ್ಞವಲ್ಕ್ಯ ಸ್ಮೃತಿಗೆ ಇನ್ನೊಂದು ದೊಡ್ಡ ವ್ಯಾಖ್ಯಾನ ಬರೆದನು. ಅದು ‘ಅಪರಾರ್ಕ’ವೆಂದು ಪ್ರಸಿದ್ಧ. ವಾರಸುದಾರರ ಅರ್ಜಿಗಳನ್ನು ನೋಡುವ ನಮಗೆ, ಒಂದೇ ಸ್ಮೃತಿಯ ಮುಂದೆ ಕನ್ನಡ ನಾಡಿನ ಪಂಡಿತನೂ ಕೊಂಕಣದ ಅರಸನೂ ಕುಳಿತ ಚಿತ್ರ ಕಣ್ಣಿಗೆ ಕಟ್ಟುತ್ತದೆ.

ಸ್ಥಾನಕದಲ್ಲಿ ಹೊರಗಿನವರಿಗೆ ಎಡೆಯಿತ್ತೆಂಬುದಕ್ಕೆ ‘ಉದಯಸುಂದರೀಕಥಾ’ ಎಂಬ ಸಂಸ್ಕೃತ ಚಂಪೂಕಾವ್ಯದ ಕರ್ತೃ ಸೋಡ್ಢಲನೇ ಸಾಕ್ಷಿ. ಅವನು ಗುಜರಾತದ ದಕ್ಷಿಣಕ್ಕಿದ್ದ ಲಾಟದೇಶದವನು. ಜಾತಿಯಿಂದ ಕಾಯಸ್ಥ, ಅಂದರೆ ಬರವಣಿಗೆಯ ವೃತ್ತಿಯವರ ಪೈಕಿ. ಛಿತ್ತರಾಜ, ನಾಗಾರ್ಜುನ, ಮುಮ್ಮುಣಿ ಎಂಬ ಮೂವರು ಅಣ್ಣತಮ್ಮಂದಿರೂ ಒಬ್ಬರ ತರುವಾಯ ಒಬ್ಬರು ಅವನನ್ನು ಆದರಿಸಿದರು. ಮುಮ್ಮುಣಿಯ ಕಾಲದ, ಶಕ 982ರ, ಅಂದರೆ ಕ್ರಿ. ಶ. 1060ರ ಶಾಸನವೇ ಅಂಬರನಾಥದ ಶಿವಾಲಯದಲ್ಲಿದೆ. ಆ ಗುಡಿಯ ಕಂಬಗಳ ಕೆತ್ತನೆಯನ್ನು ನೋಡುತ್ತ ನಿಂತಾಗ ನಮ್ಮ ತಂದೆಯವರು ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ, “ಲಕ್ಕುಂಡಿಗೆ ಹೋದಂಗಾತ” ಎಂದರು. ಅವರ ಬಾಯಿಂದ ಇಲ್ಲಿನ ಯಾವುದಕ್ಕೂ ಇದಕ್ಕಿಂತ ದೊಡ್ಡ ಹೊಗಳಿಕೆಯನ್ನು ನಾವು ಕೇಳಿಲ್ಲ.

1265ರಲ್ಲಿ ದೇವಗಿರಿಯ ಯಾದವ ಮಹಾದೇವನು ಶಿಲಾಹಾರ ಸೋಮೇಶ್ವರನನ್ನು ಸೋಲಿಸಲು ಈ ಮನೆತನ ಮುಗಿಯಿತು. ಸೋಮೇಶ್ವರನು ಕಡಲಿನಲ್ಲಿಯೇ ಮಡಿದನೆಂದು ಹೇಳುತ್ತಾರೆ. ಹಡಗುಗಳ ಕಾಳಗವನ್ನು ಕೆತ್ತಿದ ವೀರಗಲ್ಲುಗಳು ಬೋರಿವಲಿಯ ಎಕ್ಸರಿನಲ್ಲಿ ಇಂದಿಗೂ ನಿಂತಿವೆ. ಆಮೇಲೆ ಸ್ಥಾನಕವು ಠಾಣೆಯಾಯಿತು, ಪರಕೀಯರ ಕೋಟೆಯಾಯಿತು. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಹೊರಟ ಭಾರತದ ಮೊದಲನೆಯ ಪ್ರಯಾಣಿಕರ ರೈಲು 34 ಕಿಲೋಮೀಟರು ಓಡಿ ಬಂದು ನಿಂತದ್ದು ಈ ಊರಿನಲ್ಲಿ. ಆ ಹಳಿಗಳ ಮೇಲೆಯೇ ನಮ್ಮ ಹಿರಿಯರು, ಕೆಲವರು ಹೋಟೆಲುಗಳಿಗೆ, ಕೆಲವರು ಗಿರಣಿಗಳಿಗೆ, ಕೆಲವರು ಕಚೇರಿಗಳಿಗೆ, ಹೊಟ್ಟೆಯ ಪಾಡು ನೋಡಿಕೊಂಡು ಬಂದರು. 1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾಯಿತು, 1960ರ ಮೇ 1ರಂದು ಮಹಾರಾಷ್ಟ್ರ ರಾಜ್ಯವಾಯಿತು. ಗಡಿಗಳು ನಕಾಶೆಯಲ್ಲಿ ನಿಂತವು. ತಾಮ್ರಪಟಗಳು ಮಾತ್ರ ತಾವು ಹೇಳಿದ್ದನ್ನೇ ಹೇಳುತ್ತಿವೆ.

ಅವು ಹೇಳುವುದೇನು? ನಾವು ಮೊದಲು ಹುಡುಕಹೊರಟದ್ದು ‘ಈ ನೆಲ ಯಾರದು’ ಎಂಬುದಕ್ಕೆ ಒಂದು ದಸ್ತೈವಜು. ನಮಗೆ ಸಿಕ್ಕಿದ ಕಾಗದಗಳಲ್ಲಿ ಒಂದಾದರೂ ‘ಈ ನೆಲ ನನ್ನದು’ ಎಂದು ಹೇಳಲು ಬರೆದುದಲ್ಲ. ಎಲ್ಲವೂ ‘ಇದನ್ನು ಕೊಟ್ಟೆನು’ ಎಂದು ಹೇಳಲು ಬರೆದವು. ಕಾನ್ಹೇರಿಯ ದ್ರಮ್ಮ, ಭಾದಾಣೆಯ ಗ್ರಾಮ, ನೌರದ ಹೊಲ, ಎಲ್ಲ ಕೊಟ್ಟದ್ದರ ಲೆಕ್ಕ. ಉಳಿದ ಅರಸರ ಉಳಿದ ವೈಭವವೆಲ್ಲ ಮಣ್ಣಾಯಿತು; ಕೊಟ್ಟದ್ದರ ರಶೀದಿ ಮಾತ್ರ ಉಳಿಯಿತು. ಇಂಥ ಪಟಗಳ ಕೊನೆಯಲ್ಲಿ, ಕನ್ನಡ ನಾಡಿನ ಶಾಸನಗಳಲ್ಲಿಯೂ, ಸಾಮಾನ್ಯವಾಗಿ ಬರುವ ಹಳೆಯ ಶ್ಲೋಕಗಳ ಭಾವವೂ ಇದೇ: ಭೂಮಿಯನ್ನು ಅನೇಕರು ಅನುಭವಿಸಿ ಹೋದರು; ಯಾರ ಕೈಯಲ್ಲಿ ಅದು ಯಾವಾಗ ಇರುವುದೋ ಆಗಿನ ಪುಣ್ಯ ಅವರದು; ತಾನು ಕೊಡುವುದಕ್ಕಿಂತಲೂ ಇತರರು ಕೊಟ್ಟದ್ದನ್ನು ಕಾಪಾಡುವುದು ಹೆಚ್ಚಿನದು.

ಇದರಿಂದ ನಮ್ಮ ಗಿರಾಕಿಗಳಿಗೆ ಕೊಡಬೇಕಾದ ಉತ್ತರ ನಮಗೆ ತಿಳಿಯಿತು. ‘ನಾವು ಸಾವಿರ ವರ್ಷದ ಹಿಂದೆ ಬಂದೆವು’ ಎಂದು ಮೀಸೆ ತಿರುವುವುದೂ ಸಲ್ಲದು. ‘ನಾವು ಹೊರಗಿನವರು’ ಎಂದು ತಲೆ ತಗ್ಗಿಸುವುದೂ ಬೇಡ. ಈ ಊರಿನ ಖಾತೆಯಲ್ಲಿ ನಮ್ಮ ನುಡಿಯ ಹೆಸರಿನಲ್ಲಿ ಹಳೆಯ ಜಮೆಯೊಂದಿದೆ. ಅದನ್ನು ಇಟ್ಟವರು ನಾವಲ್ಲ. ಅಸಲನ್ನು ಕಾಪಾಡಿ, ಬಡ್ಡಿಯಿಂದ ನಾಲ್ಕು ಜನರಿಗೆ ಒಳಿತಾಗುವಂತೆ ನಡೆದುಕೊಳ್ಳುವುದಷ್ಟೆ ನಮ್ಮ ಪಾಲಿನ ಕೆಲಸ. ನಮ್ಮ ಮಕ್ಕಳಿಗೆ ಮನೆಯ ನುಡಿಯನ್ನು ಓದಿ ಬರೆಯಲು ಕಲಿಸುವುದು, ಊರಿನ ನುಡಿಯನ್ನು ಗೌರವದಿಂದ ಆಡುವುದು, ಎರಡೂ ಆ ಕಾಪಾಡುವಿಕೆಯೊಳಗೇ ಸೇರುತ್ತವೆ. ಒಂದನ್ನು ಬಿಟ್ಟು ಇನ್ನೊಂದು ನಡೆಯದು.

ಹುಡುಗಿ ತನ್ನ ಪ್ರಬಂಧವನ್ನು ಬರೆದಳು. ಠಾಣೆ ತನ್ನ ಊರೆಂದೂ, ಅಜ್ಜನ ಊರೂ ತನ್ನ ಊರೆಂದೂ, ಎರಡರ ನಡುವೆ ಬಹಳ ಹಳೆಯ ಪರಿಚಯವಿದೆಯೆಂದೂ ಬರೆದಳು. ಶಾಲೆಯ ಭಾಷೆಯಲ್ಲಿ ಬರೆದು ಮುಗಿಸಿದ ಮೇಲೆ, ಅಜ್ಜನಿಗೆ ಕೊಡಲು ಅದನ್ನೇ ಕನ್ನಡದಲ್ಲಿ ಒಂದು ಪುಟ ಬರೆ ಎಂದೆವು. ಸಂಘದ ರವಿವಾರದ ವರ್ಗದಲ್ಲಿ ಅವಳು ಕಲಿತಿರುವುದು ಇನ್ನೂ ಅಲ್ಪ. ಎರಡು ಸಂಜೆ ಕುಳಿತು ಬರೆದಳು. ಶಿಲಾಹಾರದಲ್ಲಿ ದೀರ್ಘ ತಪ್ಪಿತ್ತು. ಅಜ್ಜನಿಗೆ ಒತ್ತು ಬಿಟ್ಟುಹೋಗಿತ್ತು. ಕನ್ನಡಕ್ಕೆ ಒಂದು ಒತ್ತು ಹೆಚ್ಚಾಗಿತ್ತು. ಕೆಂಪು ಶಾಯಿಯ ಲೇಖನಿಯನ್ನು ಕೈಗೆತ್ತಿಕೊಂಡೆವು. ತಪ್ಪು ಹಿಡಿಯುವುದು ನಮ್ಮ ದಿನದ ಕಸುಬು. ಆದರೆ ಆ ಹೊತ್ತಿಗೆ ಕೋಟೆಯ ಮಣ್ಣಿನಡಿಯಿಂದ ಬಂದ ಆ ಬರಹಗಾರನ ನೆನಪಾಯಿತು. ಲೇಖನಿಯನ್ನು ಬದಲಿಸಿ, ಪುಟದ ಕೆಳಗೆ ಅವನ ಷರಾವನ್ನೇ ನಮ್ಮ ಮಾತಿನಲ್ಲಿ ಬರೆದು ಸಹಿ ಹಾಕಿದೆವು: ‘ಇದರಲ್ಲಿ ಅಕ್ಷರ ಕಡಿಮೆಯಿರಲಿ, ಹೆಚ್ಚಿರಲಿ, ಎಲ್ಲವೂ ಪ್ರಮಾಣ.’ ನಮ್ಮ ತಂದೆಯವರು ಆ ಕಾಗದವನ್ನು ನಾಲ್ಕಾಗಿ ಮಡಿಚಿ ಅಂಗಿಯ ಒಳಕಿಸೆಯಲ್ಲಿಟ್ಟುಕೊಂಡು ಊರಿಗೆ ಹೋದರು.